ಎಲೆಯ ಮೇಲಿನ ಜರತಾರಿ: ಯಬುಕೋಜಿ ಎಂಬ ಕುಳ್ಳು ಪೊದೆಯ ಚರಿತ್ರೆ

ಜಪಾನಿನ ತೋಟಗಾರಿಕೆಯ ಮಾತು ಬಂದಾಗ ಚೆರ್ರಿ ಮತ್ತು ಸೇವಂತಿಗೆಗಳು ನೆನಪಾಗುವಂತೆ ಯಬುಕೋಜಿ ಎಂಬ ಗೇಣುದ್ದದ ಪೊದೆ ಹೊರನಾಡಿನವರಿಗೆ ನೆನಪಾಗುವುದಿಲ್ಲ. ಆದರೆ ಎಲೆಯ ಅಂಚಿನ ಒಂದು ಬಿಳಿ ಗೆರೆಗಾಗಿ ಒಂದು ಸಮಾಜವು ಎಷ್ಟು ಶ್ರಮವನ್ನು, ಎಷ್ಟು ವಿದ್ಯೆಯನ್ನು ಮತ್ತು ಕೊನೆಗೆ ಎಷ್ಟು ಹಣವನ್ನು ತೊಡಗಿಸಬಲ್ಲದೆಂಬುದನ್ನು ತಿಳಿಯಲು ಈ ಗಿಡದ ಚರಿತ್ರೆಗಿಂತ ಉತ್ತಮವಾದ ಸಾಕ್ಷಿ ಸಿಗುವುದು ಕಷ್ಟ. ಹಸಿರಿನ ನಡುವೆ ಬಿಳಿ, ಹಳದಿ ಅಥವಾ ಕೆಂಪು ಮಚ್ಚೆ, ಪಟ್ಟೆ, ಅಂಚುಗಳಿರುವ ಎಲೆಯನ್ನು ಇಂದಿನ ನರ್ಸರಿಯವರು ವೇರಿಗೇಟೆಡ್ ಎಂದು ಕರೆಯುತ್ತಾರೆ. ಜಪಾನೀ ಭಾಷೆಯಲ್ಲಿ ಅದಕ್ಕೆ ‘ಫುಇರಿ’, ಅಂದರೆ ಮಚ್ಚೆ ಸೇರಿದ್ದು, ಎಂಬ ಹೆಸರಿದೆ. ಈ ಲೇಖನದಲ್ಲಿ ಅದನ್ನು ಚಿತ್ತಾರದ ಎಲೆ ಎಂದು ಕರೆಯಲಾಗಿದೆ.

ಸಸ್ಯಶಾಸ್ತ್ರವು ಆರ್ಡಿಸಿಯ ಜಪೋನಿಕ ಎಂದು ಗುರುತಿಸುವ ಯಬುಕೋಜಿ ಜಪಾನ್, ಚೀನಾ ಮತ್ತು ಕೊರಿಯಾಗಳ ಕಾಡುಗಳಲ್ಲಿ ಮರಗಳ ನೆರಳಿನಡಿ ಬೆಳೆಯುವ ನಿತ್ಯಹಸಿರು ಪೊದೆಯಾಗಿದ್ದು, ಅದರ ಎತ್ತರ ಸಾಮಾನ್ಯವಾಗಿ 10ರಿಂದ 30 ಸೆಂಟಿಮೀಟರ್ ಮಾತ್ರ. ನೆಲದೊಳಗೆ ಹರಿದಾಡುವ ಕಾಂಡದಿಂದ ಅಲ್ಲಲ್ಲಿ ಮೇಲೇಳುವ ಇದರ ಕಡ್ಡಿಗಳ ತುದಿಯಲ್ಲಿ ಗರಗಸದಂಚಿನ ಎಲೆಗಳು ಸುತ್ತುಗಟ್ಟಿ ನಿಲ್ಲುತ್ತವೆ. ಬೇಸಿಗೆಯಲ್ಲಿ ಆ ಎಲೆಗಳ ಅಡಿಯಲ್ಲಿ, ಬಗ್ಗಿ ನೋಡಿದರಷ್ಟೇ ಕಾಣುವಂತೆ, ತಲೆತಗ್ಗಿಸಿದ ಪುಟ್ಟ ಬಿಳಿ ಹೂಗಳು ಅರಳುತ್ತವೆ. ಚಳಿಗಾಲದ ಹೊತ್ತಿಗೆ ಅವು ಬಟಾಣಿಗಿಂತ ಚಿಕ್ಕದಾದ ಕೆಂಪು ಹಣ್ಣುಗಳಾಗಿ ಹಿಮದ ನಡುವೆಯೂ ಉದುರದೆ ಉಳಿಯುತ್ತವೆ. ಇದೇ ಕುಲದ ಬೇರೆ ಪ್ರಭೇದಗಳು ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಇರುವುದರಿಂದ ಕನ್ನಡ ನಾಡಿಗೆ ಈ ವಂಶ ತೀರ ಅಪರಿಚಿತವಲ್ಲ.

ಎಲೆಯ ಚಿತ್ತಾರಕ್ಕೆ ಬೆಲೆ ಬರುವುದಕ್ಕೆ ಬಹಳ ಮೊದಲೇ ಯಬುಕೋಜಿಗೆ ಜಪಾನಿನ ಜನಜೀವನದಲ್ಲಿ ಸ್ಥಾನವಿತ್ತು. ಎಂಟನೆಯ ಶತಮಾನದ ಕವಿತಾಸಂಕಲನವಾದ ‘ಮನ್‌ಯೋಶೂ’ವಿನಲ್ಲಿ ಅದು ‘ಯಮತಚಿಬನ’, ಅಂದರೆ ಬೆಟ್ಟದ ಕಿತ್ತಳೆ, ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಕೆಂಪು ಹಣ್ಣಿನ ಗಿಡಗಳನ್ನು ಹೊಸ ವರ್ಷದ ಶುಭಸೂಚಕವೆಂದು ಮನೆಯಲ್ಲಿಡುವ ಪದ್ಧತಿ ಬೆಳೆದಂತೆ ಅವುಗಳಿಗೆ ಹಣದ ಹೆಸರುಗಳೂ ಅಂಟಿಕೊಂಡವು. 1603ರಿಂದ 1868ರವರೆಗಿನ ಎದೊ ಯುಗದಲ್ಲಿ ಚಿನ್ನದ ಹಣದ ಮಾನಕ್ಕೆ ‘ರ್ಯೋ’ ಎಂದು ಹೆಸರಿತ್ತು. ಹಣ್ಣು ಹೇರಳವಾಗಿ ಬಿಡುವ ಗಿಡಗಳು ಹತ್ತು ಸಾವಿರ ರ್ಯೋ ಮತ್ತು ಸಾವಿರ ರ್ಯೋ ಎನಿಸಿಕೊಂಡರೆ, ಯಬುಕೋಜಿಯ ಸೋದರ ಪ್ರಭೇದವಾದ ಕರತಚಿಬನ ನೂರು ರ್ಯೋ ಆಯಿತು, ಕೆಲವೇ ಹಣ್ಣು ಬಿಡುವ ಯಬುಕೋಜಿಗೆ ಹತ್ತು ರ್ಯೋ ಎಂಬ ಹೆಸರು ಉಳಿಯಿತು. ‘ಜುಗೆಮು’ ಎಂಬ ಜನಪ್ರಿಯ ಹಾಸ್ಯಕಥನದಲ್ಲಿ ಮಗುವಿನ ಆಯುಸ್ಸು ಹೆಚ್ಚಲೆಂದು ಇಡುವ ಉದ್ದನೆಯ ಹೆಸರಿನೊಳಗೆ ಈ ಗಿಡದ ಹೆಸರೂ ಸೇರಿರುವುದು, ಚಳಿಗೆ ಬಗ್ಗದ ಅದರ ಗಟ್ಟಿತನವನ್ನು ಜನ ಗುರುತಿಸಿದ್ದರೆಂಬುದಕ್ಕೆ ಸಾಕ್ಷಿಯಾಗಿದೆ.

ಚಿತ್ತಾರದ ಎಲೆಗಳ ಮೋಹ ಒಂದು ವ್ಯವಸ್ಥಿತ ಕಲೆಯಾಗಿ ರೂಪುಗೊಂಡದ್ದೂ ಇದೇ ಎದೊ ಯುಗದಲ್ಲಿ. ಇಂದಿನ ಟೋಕಿಯೊ ಆಗಿರುವ ಎದೊ ನಗರದ ಅರ್ಧಕ್ಕಿಂತ ಹೆಚ್ಚಿನ ನೆಲ ಸಾಮಂತರ ಮತ್ತು ಸಮುರಾಯ್‌ಗಳ ನಿವೇಶನಗಳಾಗಿದ್ದು, ದೊಡ್ಡ ಮನೆಗಳ ತೋಟಗಳಿಗೆ ಗಿಡ ಒದಗಿಸುವ ಸಸಿತೋಟದವರು ಸೊಮೆಯ್‌ನಂತಹ ಹೊರವಲಯದ ಹಳ್ಳಿಗಳಲ್ಲಿ ನೆಲೆಸಿದ್ದರು. ದೀರ್ಘಕಾಲದ ಶಾಂತಿಯಿಂದ ಯುದ್ಧದ ಕೆಲಸವಿಲ್ಲದೆ ಉಳಿದ ಸಮುರಾಯ್‌ಗಳಲ್ಲಿ ಕೆಲವರು ಹವ್ಯಾಸಕ್ಕಾಗಿ, ಸಂಬಳ ಸಾಲದ ಕೆಳಹಂತದವರು ಉಪಕಸುಬಿಗಾಗಿ ಗಿಡ ಬೆಳೆಸತೊಡಗಿದರು. ಎದೊದ ಓಕುಬೊ ಪ್ರದೇಶದ ಕಾಲಾಳು ಸಮುರಾಯ್‌ಗಳು ಬೆಳೆದ ಅಜೇಲಿಯ ಹೂಗಿಡಗಳು ಹೀಗೆಯೇ ಪ್ರಸಿದ್ಧವಾದವು. ಆಸಕ್ತರು ‘ರೆನ್’ ಎಂಬ ಕೂಟಗಳನ್ನು ಕಟ್ಟಿಕೊಂಡು, ತಮ್ಮ ‘ಕಿಹಿನ್’ಗಳನ್ನು, ಅಂದರೆ ಅಪರೂಪದ ಗಿಡಗಳನ್ನು, ಒಬ್ಬರಿಗೊಬ್ಬರು ತೋರಿಸಿ ವಿಮರ್ಶಿಸುತ್ತಿದ್ದರು.

ಈ ವಿಮರ್ಶೆಗೆ ತನ್ನದೇ ಆದ ಪರಿಭಾಷೆ ಹುಟ್ಟಿಕೊಂಡಿತು. ಎಲೆಯ ಸುತ್ತ ಅಂಚುಗಟ್ಟಿದ ಬಣ್ಣಕ್ಕೆ ‘ಫುಕುರಿನ್’, ಆ ಅಂಚು ನೂಲಿನೆಳೆಯಷ್ಟು ಸಣ್ಣದಾಗಿದ್ದರೆ ‘ಇತೊ ಫುಕುರಿನ್’, ಎಲೆಯ ನಡುವೆ ಹರಡಿದ ಬಣ್ಣಕ್ಕೆ ‘ನಕಫು’, ಚುಕ್ಕಿ ಇಟ್ಟಂತಹ ಮಚ್ಚೆಗೆ ‘ಹೊಶಿಫು’, ಅಂದರೆ ನಕ್ಷತ್ರದ ಮಚ್ಚೆ, ಎಂಬ ಹೆಸರುಗಳು ಬಳಕೆಗೆ ಬಂದವು. ಎಲೆ ತೋರುವ ಬಣ್ಣ, ಸುಕ್ಕು, ತಿರುವುಗಳನ್ನೆಲ್ಲ ಒಟ್ಟಾಗಿ ಎಲೆಯ ‘ಗೆಯ್’ ಎಂದರು. ಕಲಾವಿದನ ಪ್ರೌಢಿಮೆಗೆ ಸಲ್ಲುವ ಈ ಪದವನ್ನು ಎಲೆಗೆ ಸಲ್ಲಿಸಿದ್ದರಲ್ಲಿಯೇ ಆ ಜನರ ದೃಷ್ಟಿ ವ್ಯಕ್ತವಾಗುತ್ತದೆ. ಈ ಪರಂಪರೆಯ ಎರಡು ಮಹತ್ವದ ಗ್ರಂಥಗಳು ಎರಡೇ ವರ್ಷಗಳ ಅಂತರದಲ್ಲಿ ಪ್ರಕಟವಾದವು. ಸಸಿ ವ್ಯಾಪಾರಿ ಕಿಂತ 1827ರಲ್ಲಿ ಹೊರತಂದ ‘ಸೋಮೊಕು ಕಿಹಿನ್ ಕಗಮಿ’, ಅಂದರೆ ಅಪರೂಪದ ಗಿಡಮರಗಳ ಕನ್ನಡಿ, ಮೂರು ಸಂಪುಟಗಳಲ್ಲಿ ಸುಮಾರು 500 ಗಿಡಗಳನ್ನು ಅವುಗಳನ್ನು ಬೆಳೆಸಿದವರ ವೃತ್ತಾಂತದೊಡನೆ ಚಿತ್ರಿಸಿತು. ಶೋಗುನ್ ಎಂಬ ಸೇನಾಡಳಿತಗಾರನ ನೇರ ಸೇವೆಯಲ್ಲಿದ್ದ ಸಮುರಾಯ್ ಮಿಜುನೊ ತದತೊಶಿ 1829ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ‘ಸೋಮೊಕು ಕಿನ್‌ಯೋಶೂ’ ಸುಮಾರು 1,000 ಗಿಡಗಳನ್ನು ದಾಖಲಿಸಿತು. ಆ ಹೆಸರಿನಲ್ಲಿರುವ ‘ಕಿನ್’ ಎಂಬುದಕ್ಕೆ ಜರತಾರಿ ಬಟ್ಟೆ ಎಂದು ಅರ್ಥ. ವ್ಯಾಪಾರಿಯೊಬ್ಬ ಮತ್ತು ಸಮುರಾಯ್ ಒಬ್ಬ ಒಂದೇ ವಿಷಯದ ಮೇಲೆ ಗ್ರಂಥ ರಚಿಸಿದ್ದು, ಕಟ್ಟುನಿಟ್ಟಿನ ಅಂತಸ್ತುಗಳ ಆ ಸಮಾಜದಲ್ಲಿ ಗಿಡಗಳು ಜನರನ್ನು ಹತ್ತಿರ ತಂದಿದ್ದವೆಂಬುದನ್ನು ತೋರಿಸುತ್ತದೆ.

ಇಂತಹ ಗಿಡಗಳನ್ನು ಉಳಿಸಿಕೊಳ್ಳುವುದು ಸುಲಭದ ಕೆಲಸವಾಗಿರಲಿಲ್ಲ. ಎಲೆಯ ಬಿಳಿ ಭಾಗದ ಜೀವಕೋಶಗಳಲ್ಲಿ ಪತ್ರಹರಿತ್ತು, ಅಂದರೆ ಬಿಸಿಲಿನಿಂದ ಆಹಾರ ತಯಾರಿಸಲು ಬೇಕಾದ ಹಸಿರು ದ್ರವ್ಯ, ಇರುವುದಿಲ್ಲವಾದ್ದರಿಂದ ಹಸಿರು ಭಾಗವೇ ಇಡೀ ಗಿಡವನ್ನು ಸಾಕಬೇಕಾಗುತ್ತದೆ. ಹಾಗಾಗಿ ಚಿತ್ತಾರದ ಗಿಡ ನಿಧಾನವಾಗಿ ಬೆಳೆಯುತ್ತದೆ ಮತ್ತು ಅದರ ಬಿಳಿ ಅಂಚು ನೇರ ಬಿಸಿಲಿಗೆ ಬೇಗ ಸುಟ್ಟುಹೋಗುತ್ತದೆ. ಬೀಜದಿಂದ ಹುಟ್ಟಿದ ಸಸಿಯಲ್ಲಿ ತಾಯಿಯ ಚಿತ್ತಾರವೇ ಮರಳಿ ಬರುವ ಭರವಸೆ ಇಲ್ಲದ ಕಾರಣ ಯಬುಕೋಜಿಯನ್ನು ಕಡ್ಡಿ ನೆಟ್ಟು, ಇಲ್ಲವೇ ನೆಲದೊಳಗಿನ ಕಾಂಡವನ್ನು ಬೇರುಸಮೇತ ಬಿಡಿಸಿ ಹೆಚ್ಚಿಸಬೇಕು. ಕೆಲವೊಮ್ಮೆ ಅದೇ ಗಿಡದಲ್ಲಿ ಪೂರ್ಣ ಹಸಿರಾದ ಚಿಗುರೊಂದು ಮೂಡಿ, ಹೆಚ್ಚು ಆಹಾರ ತಯಾರಿಸುವ ಬಲದಿಂದ ಉಳಿದ ಕೊಂಬೆಗಳನ್ನು ಮೀರಿ ಬೆಳೆಯುತ್ತದೆ. ಅದನ್ನು ಬುಡದಿಂದಲೇ ಕತ್ತರಿಸದಿದ್ದರೆ ಕೆಲವೇ ವರ್ಷಗಳಲ್ಲಿ ಚಿತ್ತಾರ ಕಣ್ಮರೆಯಾಗುತ್ತದೆ. ಎದೊದ ಬೆಳೆಗಾರರು ಚಳಿಗೆ ತಡೆಯದ ಗಿಡಗಳನ್ನು ‘ಮುರೊ’ ಎಂಬ ಕೋಣೆಗಳಲ್ಲಿಟ್ಟು, ಮರದ ಚೌಕಟ್ಟಿಗೆ ಕಾಗದ ಅಂಟಿಸಿದ ಜಾರುಬಾಗಿಲುಗಳ ಮೂಲಕ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದರು.

ಮೆಚ್ಚುಗೆಯ ಬೆನ್ನಿಗೆ ಸಟ್ಟಾ ವ್ಯಾಪಾರವೂ ಬಂದಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಕನ್ಸೆಯ್ ಎಂದು ಹೆಸರಾದ ವರ್ಷಗಳಲ್ಲಿ, ವಿಚಿತ್ರ ಎಲೆಯ ಕರತಚಿಬನದ ಕುಂಡಗಳಿಗೆ ಬೆಲೆ ಏರುತ್ತ ಹೋಗಿ ಆಡಳಿತವು ಅಂತಹ ವ್ಯವಹಾರವನ್ನು ತಡೆಯಬೇಕಾಯಿತು. ನೂರು ವರ್ಷಗಳ ಅನಂತರ ಅದೇ ಕಥೆ ಯಬುಕೋಜಿಯ ಪಾಲಿಗೆ ಬಂದಿತು. 1890ರ ದಶಕದಲ್ಲಿ, ಮುಖ್ಯವಾಗಿ ಜಪಾನ್ ಸಮುದ್ರದ ದಡದ ನೀಗಾತ ಪ್ರಾಂತದಲ್ಲಿ, ಗಿಡ ಬೆಳೆಸುವ ಉದ್ದೇಶವೇ ಇಲ್ಲದವರು ಇಂದು ಕೊಂಡು ನಾಳೆ ಮಾರುವ ಆಸೆಯಿಂದ ಚಿತ್ತಾರದ ಯಬುಕೋಜಿಯ ಮೇಲೆ ಹಣ ಹೂಡಿದರು. ಪ್ರಾಥಮಿಕ ಶಾಲೆಯ ಹೊಸ ಉಪಾಧ್ಯಾಯನ ತಿಂಗಳ ಸಂಬಳ ಹತ್ತು ಯೆನ್ ಕೂಡ ಇರದಿದ್ದ ಆ ಕಾಲದಲ್ಲಿ ಅತ್ಯುತ್ತಮ ತಳಿಯ ಒಂದು ಕುಂಡ 1,000 ಯೆನ್‌ವರೆಗೆ ಬೆಲೆ ಕಂಡಿತು. 1898ರಲ್ಲಿ ನೀಗಾತದ ಆಡಳಿತವು ಯಬುಕೋಜಿಯ ವ್ಯಾಪಾರವನ್ನು ನಿಯಂತ್ರಿಸುವ ಪ್ರತ್ಯೇಕ ನಿಯಮವನ್ನೇ ಹೊರಡಿಸಿತು. ಗೇಣುದ್ದದ ಪೊದೆಯೊಂದು ಸರ್ಕಾರದಿಂದ ಕಾನೂನು ಮಾಡಿಸಿದ ಇಂತಹ ಸಂದರ್ಭಗಳು ತೋಟಗಾರಿಕೆಯ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಈ ನಡುವೆ ಜಪಾನಿನ ಚಿತ್ತಾರದ ಎಲೆಗಳು ಯೂರೋಪಿನ ಗಮನವನ್ನೂ ಸೆಳೆದಿದ್ದವು. 1860ರಲ್ಲಿ ಜಪಾನಿಗೆ ಬಂದ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ ರಾಬರ್ಟ್ ಫಾರ್ಚೂನ್ ಸೊಮೆಯ್‌ನ ಸಸಿತೋಟಗಳನ್ನು ನೋಡಿ, ಅಲ್ಲಿನ ಚಿತ್ತಾರದ ಗಿಡಗಳ ಬಗ್ಗೆ 1863ರ ತನ್ನ ಪುಸ್ತಕದಲ್ಲಿ ಬರೆದುದಲ್ಲದೆ ಹಲವನ್ನು ಇಂಗ್ಲೆಂಡಿಗೆ ಒಯ್ದನು. ಮುಂದೆ ಚಿತ್ತಾರದ ಎಲೆ ವಿಜ್ಞಾನಕ್ಕೂ ದಾರಿ ತೋರಿಸಿತು. ಕರ್ನಾಟಕದ ಹಿತ್ತಲುಗಳಲ್ಲಿ ಸಂಜೆಮಲ್ಲಿಗೆ ಎಂದು ಪರಿಚಿತವಾದ ಹೂಗಿಡದ ಚಿತ್ತಾರದ ತಳಿಯನ್ನು ಪರೀಕ್ಷಿಸಿದ ಜರ್ಮನಿಯ ಕಾರ್ಲ್ ಕೊರೆನ್ಸ್, ಸಸಿಯ ಎಲೆಯ ಬಣ್ಣವನ್ನು ಪರಾಗ ಕೊಟ್ಟ ಗಿಡವಲ್ಲ, ಬೀಜ ಹೊತ್ತ ಕೊಂಬೆಯೇ ನಿರ್ಧರಿಸುತ್ತದೆಂದು 1909ರಲ್ಲಿ ತೋರಿಸಿದನು. ಹಸಿರು ಕೊಂಬೆಯ ಬೀಜಗಳು ಹಸಿರು ಸಸಿಗಳನ್ನೂ, ಬಿಳಿ ಕೊಂಬೆಯ ಬೀಜಗಳು ಬದುಕಲಾರದ ಬಿಳಿ ಸಸಿಗಳನ್ನೂ, ಚಿತ್ತಾರದ ಕೊಂಬೆಯ ಬೀಜಗಳು ಎಲ್ಲ ಬಗೆಯ ಸಸಿಗಳನ್ನೂ ಕೊಟ್ಟವು. ಜೀವಕೋಶದ ಕೇಂದ್ರದ ಹೊರಗಿನಿಂದಲೂ ಆನುವಂಶಿಕ ಗುಣಗಳು ಹರಿದುಬರುತ್ತವೆಂಬ ತಿಳಿವಳಿಕೆಗೆ ಈ ಪ್ರಯೋಗ ತಳಹದಿಯಾಯಿತು.

ನೀಗಾತದ ಆ ಬೆಲೆಗಳು ಎಂದೋ ಕುಸಿದುಹೋದವು. ಆದರೂ ಬಿಳಿ ಕಿರೀಟ ಎಂಬ ಅರ್ಥದ ‘ಹಕುಓಕನ್’, ಸುಕ್ಕುಬಟ್ಟೆಯ ಹೆಸರು ಹೊತ್ತ ‘ಚಿರಿಮೆನ್’ ಮೊದಲಾದ ಸುಮಾರು 40 ತಳಿಗಳು ಜಪಾನಿನ ಬೆಳೆಗಾರರ ಕೈಯಲ್ಲಿ ಇಂದಿಗೂ ಇವೆ. ಇವು ಉಳಿದದ್ದು 1,000 ಯೆನ್ ಕೊಟ್ಟವರಿಂದಲ್ಲ, ಬೆಲೆ ಬಿದ್ದ ಮೇಲೆಯೂ ವರ್ಷವರ್ಷ ಕಡ್ಡಿ ನೆಟ್ಟು, ಹಸಿರು ಚಿಗುರು ಚಿವುಟಿ, ಬಿಸಿಲಿಗೆ ಮರೆಮಾಡಿದವರಿಂದ. ಕಾಡಿನ ಪೈಪೋಟಿಯಲ್ಲಿ ಹೆಚ್ಚು ದಿನ ನಿಲ್ಲಲಾರದ ಒಂದು ದುರ್ಬಲ ಗುಣವನ್ನು ಶತಮಾನಗಳ ಕಾಲ ಜೀವಂತವಾಗಿಟ್ಟಿರುವುದು ಮನುಷ್ಯನ ಆರೈಕೆಯೊಂದೇ. ಬಿಳಿ ಅಂಚಿನ ಎಲೆಯ ಗಿಡ್ಡ ನಂದಿಬಟ್ಟಲನ್ನು ಅಂಗಳದಲ್ಲಿ ಬೆಳೆಸುವ ಕನ್ನಡಿಗರಿಗೂ ಅದೇ ಕರ್ತವ್ಯವಿದೆ: ಬುಡದಲ್ಲಿ ಅಚ್ಚಹಸಿರಿನ ಚಿಗುರು ಕಂಡ ದಿನವೇ ಅದನ್ನು ಕತ್ತರಿಸಬೇಕು.