ಇಳಕಲ್: ರಾಟಿ ನಿಂತ ಮೇಲೂ ಉಳಿದ ಮಗ್ಗ

ಬಾಗಲಕೋಟೆ ಜಿಲ್ಲೆಯ ಇಳಕಲ್ ಕೆಂಪು ಗ್ರಾನೈಟ್ ಕಲ್ಲಿಗೂ ಸೀರೆಗೂ ಹೆಸರಾದ ಊರು. ಇಲ್ಲಿನ ಸಾಂಪ್ರದಾಯಿಕ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಸೇರಿಸುತ್ತಾರೆ. ಇದೇ ಕೊಂಡಿ. ಹೀಗಾಗಿ ಪ್ರತಿ ಸೀರೆಗೂ ಅದರ ಅಳತೆಗೆ ತಕ್ಕ ಹಾಸನ್ನು ಬೇರೆಯಾಗಿಯೇ ಹೂಡಬೇಕು. ಕೆಂಪು ಸೆರಗಿನಲ್ಲಿ ಹಣಿಗೆಯ ಹಲ್ಲು, ಕೋಟೆಯ ಸಾಲು, ಜೋಳದ ತೆನೆ ಬಿಳಿಯಾಗಿ ಮೂಡುತ್ತವೆ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಈ ಸೀಮೆ ಬ್ರಿಟಿಷರ ವಶವಾಗಿ ಮುಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆ ಆಳ್ವಿಕೆಯಲ್ಲಿ ಮಗ್ಗಕ್ಕಿಂತ ಮೊದಲು ಪೆಟ್ಟು ತಿಂದದ್ದು ರಾಟಿ. ಮನೆಗೆಲಸದ ನಡುವೆ ನೂಲು ತೆಗೆದು ನಾಲ್ಕು ಕಾಸು ಗಳಿಸುತ್ತಿದ್ದ ಹೆಂಗಸರಿಗೆ ಇಂಗ್ಲೆಂಡಿನಿಂದ, ಆಮೇಲೆ ಮುಂಬಯಿಯಿಂದ ಬಂದ ಗಿರಣಿ ನೂಲಿನ ಅಗ್ಗದ ಬೆಲೆಗೆ ಎದುರು ನಿಲ್ಲಲಾಗಲಿಲ್ಲ. ಈ ಕಡೆಯ ಹತ್ತಿ ಕುಮಟಾ ಬಂದರಿನ ಮೂಲಕ ಹೊರಗೆ ಹೋಗುತ್ತಿತ್ತು. 1861–65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅದರ ಬೆಲೆ ಗಗನಕ್ಕೇರಿ, ನೂಲುವವರಿಗೆ ಹತ್ತಿಯೂ ದುಬಾರಿಯಾಯಿತು. ನೇಕಾರಿಕೆಯ ಅವನತಿಯ ಮಾತು ಬಂದಾಗಲೆಲ್ಲ ಗಂಡಸರ ಮಗ್ಗವೇ ನೆನಪಾಗುತ್ತದೆ. ನೂಲುತ್ತಿದ್ದ ಈ ಹೆಂಗಸರ ನಷ್ಟ ಲೆಕ್ಕಕ್ಕೇ ಸಿಗದಿರುವುದು ದೊಡ್ಡ ಅನ್ಯಾಯ.

ಗಿರಣಿ ನೂಲಿನಿಂದ ನೇಕಾರನಿಗೆ ಅನುಕೂಲವೂ ಆಯಿತು: ಎಳೆ ಸಮನಾಗಿತ್ತು, ಗಟ್ಟಿಯಾಗಿತ್ತು. ಆದರೆ ಮನೆಯಲ್ಲೋ ನೆರೆಯಲ್ಲೋ ಸಿಗುತ್ತಿದ್ದ ನೂಲನ್ನು ಈಗ ವ್ಯಾಪಾರಿಯಿಂದ ಸಾಲಕ್ಕೆ ತರಬೇಕಾಯಿತು. ಸಾಲ ಬೆಳೆದಂತೆ ಸೀರೆ ಸಾವುಕಾರನದಾಗಿ, ನೇಕಾರನಿಗೆ ಕೂಲಿ ಮಾತ್ರ ಉಳಿಯಿತು. ಬಣ್ಣದ ಕಸುಬೂ ಇದೇ ದಾರಿ ಹಿಡಿಯಿತು. 1869ರ ಹೊತ್ತಿಗೆ ಕೃತಕ ಕೆಂಪು, 1897ರಲ್ಲಿ ಕೃತಕ ನೀಲಿ ಜರ್ಮನಿಯ ಕಾರ್ಖಾನೆಗಳ ಕೈಗೆ ಬಂದ ಮೇಲೆ ಬೇರು, ಎಲೆಗಳಿಂದ ಬಣ್ಣ ತೆಗೆಯುವ ವಿದ್ಯೆ ಕ್ಷೀಣಿಸಿತು.

1876–78ರ ಬರ ಇಳಕಲ್ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯನ್ನು ತೀರ ಕಠಿಣವಾಗಿ ಹಿಂಡಿತು. ಹೊಟ್ಟೆಗಿಲ್ಲದ ರೈತ ಬಟ್ಟೆ ಕೊಳ್ಳಲಿಲ್ಲ. ಹೊಲವಿಲ್ಲದ ನೇಕಾರನ ಮನೆಯಲ್ಲಿ ಕಾಳೂ ಇರಲಿಲ್ಲ. ಮುಂದೆ ಬಾದಾಮಿ, ಬಾಗಲಕೋಟೆಗಳ ಮೇಲೆ ಹಾಯುವ ಗದಗ–ಹೊಟಗಿ ರೈಲುದಾರಿ ಬಂದಾಗ ಗಿರಣಿ ಬಟ್ಟೆ ಸಂತೆ ಸಂತೆಗೂ ಮುಟ್ಟಿತು. ಸಾದಾ ಬಟ್ಟೆಯ ಮಾರುಕಟ್ಟೆ ಕೈಬಿಟ್ಟುಹೋಯಿತು.

ಸೀರೆ ಮಾತ್ರ ತಡೆದುಕೊಂಡಿತು. ಉದ್ದನೆಯ ಒಂದೇ ಹಾಸಿನ ಮೇಲೆ ಓಡುವ ಗಿರಣಿಗೆ ಸೀರೆಗೊಂದು ಕೊಂಡಿ ಹಾಕುವುದು ಲಾಭದ ಕೆಲಸವಲ್ಲ. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಹೆಣ್ಣುಮಕ್ಕಳೂ ಈ ಸೀರೆಯನ್ನು ಬಿಡಲಿಲ್ಲ.

ಸ್ವಾತಂತ್ರ್ಯದ ನಂತರದ ಎದುರಾಳಿ ವಿದ್ಯುತ್ ಮಗ್ಗ. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಕಾಯ್ದಿರಿಸುವ ಕಾನೂನು 1985ರಲ್ಲಿ ಬಂದರೂ ಇಳಕಲ್ ಹೆಸರಿನ ಅಗ್ಗದ ಅನುಕರಣೆಗಳು ಅಂಗಡಿ ಸೇರುವುದು ನಿಲ್ಲಲಿಲ್ಲ. ಸೆರಗಿಗೆ ರೇಷ್ಮೆಯ ಬದಲು ಕೃತಕ ರೇಷ್ಮೆ ಬಳಸುವುದೂ ಸಾಮಾನ್ಯವಾಯಿತು. ಇಳಕಲ್ ಸೀರೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆದರೆ ಕಂಡಿಕೆ ಸುತ್ತುವ, ಕೊಂಡಿ ಹಾಕುವ ಕೆಲಸದಲ್ಲಿ ಇಡೀ ಮನೆಯೇ ತೊಡಗಿದರೂ ಕೂಲಿ ಸಿಗುವುದು ಸೀರೆಯ ಲೆಕ್ಕದಲ್ಲಿ, ದುಡಿದ ಕೈಗಳ ಲೆಕ್ಕದಲ್ಲಲ್ಲ.