ಕನ್ನಡ ಕಲಿತ ಪರದೇಶದವರು, ಕಲಿಸಿದ ಮುನ್ಶಿಗಳು



ಜಪಾನಿನಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಬರೆದ ಪತ್ರದಲ್ಲಿ ತಾನು ಜಪಾನೀ ಭಾಷೆ ಕಲಿಯುತ್ತಿರುವ ಬಗೆಯನ್ನು ವಿವರಿಸಿದ್ದಾನೆ. ವಾರಕ್ಕೆ ಎರಡು ಸಂಜೆ ತರಗತಿ, ‘ಮಿನ್ನಾ ನೊ ನಿಹೊಂಗೊ’ ಎಂಬ ಪಠ್ಯಪುಸ್ತಕ, ಎನ್-5ರಿಂದ ಎನ್-1ರವರೆಗೆ ಐದು ಹಂತದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಓದುವುದುಂಟು, ಕೇಳುವುದುಂಟು. ಮಾತನಾಡಿ ತೋರಿಸುವುದು ಮಾತ್ರ ಇಲ್ಲ. ಹೀಗಾಗಿ ಒಂದು ಹಂತ ಪಾಸಾದ ಮೇಲೂ ಕಿರಾಣಿ ಅಂಗಡಿಯ ಅಜ್ಜಿಯ ಮಾತು ತನಗೆ ತಿಳಿಯುವುದಿಲ್ಲವೆಂದು ಹಲುಬಿದ್ದಾನೆ. ಕೊನೆಗೊಂದು ಪ್ರಶ್ನೆ: “ಸರ್, ನಮ್ಮ ಸೀಮೆಗೆ ಬಂದ ಪರದೇಶದವರು ನಮ್ಮ ಭಾಷೆಯನ್ನು ಹೇಗೆ ಕಲಿತರು?” ಉತ್ತರ ಅವನೊಬ್ಬನಿಗೆ ಸಲ್ಲುವುದಲ್ಲವೆಂದು ತೋರಿದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

1818ರ ಏಪ್ರಿಲ್‌ನಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಯನ್ನು ಪೇಶ್ವೆಯವರ ಕೈಯಿಂದ ಕಸಿದುಕೊಂಡ. ಅವನೂ ಅವನ ಹಿಂದೆಯೇ ಧಾರವಾಡಕ್ಕೆ ಬಂದ ಚಾಪ್ಲಿನ್, ಥ್ಯಾಕರೆ ಮೊದಲಾದವರೂ ಮದರಾಸು ಆಡಳಿತದವರು. ಬಳ್ಳಾರಿ, ಕೆನರಾ ಜಿಲ್ಲೆಗಳೆಲ್ಲ ಆ ಆಡಳಿತಕ್ಕೆ ಸೇರಿದ್ದರಿಂದ ಅಲ್ಲಿ ನೌಕರಿ ಮಾಡುವವರಿಗೆ ಕನ್ನಡದ ಪರಿಚಯ ಬೇಕೇ ಬೇಕಾಗಿತ್ತು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ 1812ರಲ್ಲಿ ತೆರೆದ ಕಾಲೇಜು ಹೊಸದಾಗಿ ಹಡಗಿನಿಂದಿಳಿದ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸುವುದಕ್ಕೆಂದೇ ಹುಟ್ಟಿತು. ಪುಸ್ತಕಗಳೂ ಹಾಗೆಯೇ ಹುಟ್ಟಿದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮೂರು ವರ್ಷಗಳಲ್ಲಿ ಮೆಕೆರೆಲ್ಲನ ವ್ಯಾಕರಣ ಮದರಾಸಿನಿಂದ ಬಂದಿತು. ಬಳ್ಳಾರಿಯ ಪಾದ್ರಿ ರೀವ್ 1824 ಮತ್ತು 1832ರಲ್ಲಿ ಎರಡು ನಿಘಂಟುಗಳನ್ನು ಹೊರತಂದ. ಮುಂದೆ ಹಾಡ್ಸನ್ನನ ವ್ಯಾಕರಣ, ಬಾಸೆಲ್ ಮಿಶನ್ನಿನ ಜೀಗ್ಲರನ ಕಲಿಕೆಯ ಕೈಪಿಡಿ. ಇವೆಲ್ಲ ಪರದೇಶದವರು ಪರದೇಶದವರಿಗಾಗಿ ಬರೆದುಕೊಂಡವು. ಕನ್ನಡ ವ್ಯಾಕರಣ ನಮಗೇನು ಹೊಸದಲ್ಲ. ಕೇಶಿರಾಜನಿಂದ ಭಟ್ಟಾಕಳಂಕನವರೆಗೆ ದೊಡ್ಡ ಪರಂಪರೆಯೇ ಇದೆ. ಆದರೆ ‘ಬಾ, ಬನ್ನಿ, ಬರುತ್ತೇನೆ’ ಎಂಬುದರಿಂದ ಆರಂಭಿಸಿ ಏನೂ ಅರಿಯದವನಿಗೆ ಪಾಠ ಹೇಳುವ ಪುಸ್ತಕ ಕೇಶಿರಾಜನಿಗೆ ಬೇಕಾಗಿರಲಿಲ್ಲ.

ಈ ಪುಸ್ತಕಗಳ ಮುಖಪುಟದಲ್ಲಿ ಕಾಣದ ವ್ಯಕ್ತಿಯೊಬ್ಬನಿದ್ದಾನೆ. ಅವನು ಮುನ್ಶಿ. ತಿಂಗಳ ಸಂಬಳಕ್ಕೆ ಸಾಹೇಬರ ಬಂಗಲೆಗೆ ಹೋಗಿ ಅಕ್ಷರ ತಿದ್ದಿಸಿ, ಕಥೆ ಓದಿಸಿ, ಊರಿನವರ ಅರ್ಜಿಗಳ ಕೈಬರಹವನ್ನು ಬಿಡಿಸಿ ಓದುವುದನ್ನು ಕಲಿಸಿದವನು ಅವನೇ. ನಮ್ಮ ಕಡೆಯ ಅರ್ಜಿಯೆಂದರೆ ಕನ್ನಡವೂ ಹೌದು, ಮೋಡಿ ಲಿಪಿಯ ಮರಾಠಿಯೂ ಹೌದು. ಸಾಹೇಬರು ಭಾಷಾಪರೀಕ್ಷೆಯಲ್ಲಿ ಪಾಸಾದರೆ ಬಡ್ತಿಯ ದಾರಿ ತೆರೆಯುತ್ತಿತ್ತು. ಮುನ್ಶಿ ಮುಂದಿನ ಸಾಹೇಬರ ಬಂಗಲೆಗೆ ಹೋಗುತ್ತಿದ್ದ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹತ್ತಿರದವನೆನಿಸುವುದು ಅವನೇ. ಕಲಿತವರ ಹೆಸರುಗಳು ಗ್ರಂಥಾಲಯಗಳ ತುಂಬ ಇವೆ. ಕಲಿಸಿದವರಲ್ಲಿ ಬಹುಮಂದಿಯ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಕಲಿತವರಲ್ಲಿ ವಾಲ್ಟರ್ ಎಲಿಯಟ್ಟನನ್ನು ಇಲ್ಲಿ ನೆನೆಯಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಹತನಾದಾಗ ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ರಾಣಿ ಚೆನ್ನಮ್ಮನ ಸೆರೆಯಾದರು. ಆಗ ಎಲಿಯಟ್ಟನ ವಯಸ್ಸು ಇಪ್ಪತ್ತೊಂದು. ಸೆರೆಯಲ್ಲಿ ಅವರನ್ನು ಗೌರವದಿಂದಲೇ ನಡೆಸಿಕೊಳ್ಳಲಾಯಿತು. ಬಿಡುಗಡೆಯಾದ ಬಳಿಕ ಈ ನಾಡಿನ ಮೇಲೆ ಹಗೆ ಸಾಧಿಸುವ ಬದಲು ಅವನು ಊರೂರು ತಿರುಗಿ ಶಾಸನಗಳನ್ನು ನಕಲು ಮಾಡಿಸಿದ. ಅವನು ಒಟ್ಟುಗೂಡಿಸಿದ ಪ್ರತಿಗಳು 595. ಹಳಗನ್ನಡದ ಲಿಪಿಯನ್ನು ಓದಬಲ್ಲ ನಾಡಿನ ಪಂಡಿತರು ಪಕ್ಕದಲ್ಲಿ ಕುಳಿತಿರದಿದ್ದರೆ ಇಂಥ ಕೆಲಸ ಸಾಗುವ ಮಾತೇ ಇರಲಿಲ್ಲ.

ಮುಂದೆ ನಮ್ಮ ಸೀಮೆ ಮುಂಬಯಿ ಆಡಳಿತಕ್ಕೆ ಸೇರಿತು. ಮುಂಬಯಿಯಿಂದ ಬಂದವರು ಮರಾಠಿ ಕಲಿತು ಬಂದವರು. ಕಚೇರಿ, ಶಾಲೆಗಳಲ್ಲಿ ಮರಾಠಿಯೇ ಮೇಲಾಯಿತು. ಮರಾಠಿಯ ಮೇಲೆ ನನಗೆ ಮುನಿಸಿಲ್ಲ. ಬೆಳಗಾವಿಯಲ್ಲಿ ಬೆಳೆದವನಿಗೆ ಅದು ನೆರೆಮನೆಯ ಮಾತು. ಆದರೆ ಅಧಿಕಾರಿ ಯಾವ ಭಾಷೆಯನ್ನು ಕಲಿತು ಬರುತ್ತಾನೋ ಆ ಭಾಷೆಯಲ್ಲಿಯೇ ಊರಿನ ಲೆಕ್ಕವೂ ಮಕ್ಕಳ ಪಾಠವೂ ನಡೆಯುತ್ತದೆ ಎಂಬುದನ್ನು ನಮ್ಮ ಹಿರಿಯರು ಒಂದು ತಲೆಮಾರು ಅನುಭವಿಸಿದರು. ಶಿಕ್ಷಣ ಇಲಾಖೆಯ ರಸೆಲ್ ಸಾಹೇಬರೂ ಡೆಪ್ಯುಟಿ ಚನ್ನಬಸಪ್ಪನವರೂ ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮ ಬೇರೆಯೇ ಒಂದು ಲೇಖನದ ವಿಷಯ.

ಖಾನಾಪುರದ ಬಂಧುಗಳಿಗೆ ಹೇಳಲೇಬೇಕಾದ ಹೆಸರು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಭಾರತಕ್ಕೆ ಬರುವ ಮೊದಲು ಅವನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ವಿದ್ವಾಂಸನ ಬಳಿ ಸಂಸ್ಕೃತ ಓದಿದ್ದ. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾದ. ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತಿದ್ದ ಕದಂಬರ ತಾಮ್ರಪಟಗಳನ್ನು 1877ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ. ಅವು ಸಂಸ್ಕೃತದಲ್ಲಿವೆ, ಹಲಸಿಯ ಹಳೆಯ ಹೆಸರು ಪಲಾಶಿಕಾ ಎಂಬುದು ಅವುಗಳಲ್ಲಿ ಬರುತ್ತದೆ. ಇಲ್ಲಿಯವರೆಗೆ ಲಂಡನ್ನಿನ ತರಗತಿ ಅವನ ಕೈಹಿಡಿದು ನಡೆಸಿತೆನ್ನಬಹುದು.

ಅದೇ ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರಕಾರ ಗಲ್ಲಿಗೇರಿಸಿತ್ತು. ಅವನ ಕಥೆ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ, ಲಾವಣಿಕಾರರ ಬಾಯಲ್ಲಿತ್ತು. 1885ರಿಂದ ಮುಂದೆ ಫ್ಲೀಟ್ ಅದೇ ‘ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದಾಗ ಅವುಗಳಲ್ಲಿ ರಾಯಣ್ಣನ ದಂಗೆಯ ಹಾಡಿತ್ತು, ಹಲಗಲಿಯ ಬೇಡರ ಹಾಡಿತ್ತು, ಸಂಗ್ಯಾನ ಕೊಲೆಯ ಹಾಡೂ ಇತ್ತು. ರಾಯಣ್ಣನನ್ನು ನೇಣಿಗೇರಿಸಿದ ಅಧಿಕಾರದ ಉತ್ತರಾಧಿಕಾರಿಗಳ ನೌಕರನೊಬ್ಬ ತನ್ನವರನ್ನೇ ವೈರಿಗಳೆನ್ನುವ ಹಾಡನ್ನು ಕೇಳಿ, ನಮ್ಮ ಸೀಮೆಯ ಆಡುಮಾತನ್ನು ಗ್ರಾಂಥಿಕವಾಗಿ ತಿದ್ದದೆ ಅಚ್ಚಿಗೆ ಕೊಟ್ಟ. ಹಾಡುವವರಿಗೂ ಎಷ್ಟು ಧೈರ್ಯ ಬೇಕಾಗಿದ್ದೀತು! ಸಾಹೇಬನ ಎದುರು ನಿಂತು ಸರಕಾರದ ವಿರುದ್ಧದ ದಂಗೆಯನ್ನು ಹೊಗಳಿ ಹಾಡುವುದೆಂದರೆ ಅಂದಿನ ಕಾಲಕ್ಕೆ ಸಣ್ಣ ಮಾತಲ್ಲ. ಫ್ಲೀಟನನ್ನು ಹೊಗಳುವ ನಮ್ಮ ಲೇಖಕರು ಈ ಹಾಡುಗಾರರನ್ನು ಅಷ್ಟಾಗಿ ನೆನೆಯುವುದಿಲ್ಲವೆಂಬುದು ನನ್ನ ತಕರಾರು.

ಇನ್ನು ಕಿಟೆಲ್. 1853ರಲ್ಲಿ ಬಂದ ಈ ಜರ್ಮನ್ ಪಾದ್ರಿಯ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳು. ಅದನ್ನು ಎಲ್ಲರೂ ಹೊಗಳುತ್ತಾರೆ, ಆದರೆ ತೆರೆದು ನೋಡುವವರು ಕಡಿಮೆ. ಶಾಲೆಯ ಗ್ರಂಥಾಲಯದಲ್ಲಿ ಪ್ರತಿ ಇದ್ದರೆ ತೆಗೆದು ನೋಡಿರಿ: ಹಲವು ಶಬ್ದಗಳ ಪಕ್ಕದಲ್ಲಿ ‘ದಕ್ಷಿಣ ಮರಾಠಾ ಸೀಮೆ’ ಎಂಬ ಅರ್ಥದ ಸಂಕ್ಷಿಪ್ತ ಗುರುತು ಇದೆ. ಅದು ಅಂದಿನ ಆಡಳಿತದ ಬಾಯಲ್ಲಿ ನಮ್ಮ ಸೀಮೆಯ ಹೆಸರು. ಧಾರವಾಡ, ಬೆಳಗಾವಿಯ ಮಾತುಗಳು ಅಶುದ್ಧವೆಂದು ನಮ್ಮವರೇ ನಕ್ಕು ಮಕ್ಕಳನ್ನು ತಿದ್ದುತ್ತಿದ್ದ ಕಾಲದಲ್ಲಿ ಅವುಗಳಿಗೆ ನಿಘಂಟಿನಲ್ಲಿ ಆಸನ ಕೊಟ್ಟವನು ಅವನು.

ಈ ಕಲಿಕೆ ಇಂದಿಗೂ ನಿಂತಿಲ್ಲ. ಮಲೇಶಿಯಾದ ವಿಶ್ವವಿದ್ಯಾಲಯವೊಂದರ ಜೊತೆ ಕೆ.ಎಲ್.ಇ. ಸಂಸ್ಥೆಯ ಸಹಯೋಗದ ವೈದ್ಯಕೀಯ ಪದವಿ 2010ರಲ್ಲಿ ಬೆಳಗಾವಿಯಲ್ಲಿ ಆರಂಭವಾಯಿತು. 2019ರ ಹೊಸ ಪಠ್ಯಕ್ರಮವಂತೂ ಎಲ್ಲ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೂ ಆರಂಭದಲ್ಲಿಯೇ ಸ್ಥಳೀಯ ಭಾಷೆಯ ಪಾಠ ಇಟ್ಟಿತು. ನಿವೃತ್ತನಾದ ಮೇಲೆ ಮಲೇಶಿಯಾದ ಒಬ್ಬ ಹುಡುಗಿಗೆ ಕೆಲವು ತಿಂಗಳು ನಾನೂ ಮುನ್ಶಿಯಾಗಿದ್ದೆ. ‘ನಿಮಗೆ ಜ್ವರ ಬಂದಿದೆಯೇ?’ ಎಂಬುದನ್ನು ಪುಸ್ತಕದಿಂದ ಕಲಿತು ಅವಳು ವಾರ್ಡಿಗೆ ಹೋದರೆ ಖಾನಾಪುರ ಕಡೆಯ ಮುದುಕಿ, “ಉರಿ ಬಂದಾವ್ರಿ ಬಾಯಾರ, ಹೊಟ್ಟಿ ಕಡಿಯಾಕತ್ತೈತಿ” ಎಂದಳಂತೆ. ಹೊಟ್ಟೆಯನ್ನು ಯಾರು ಕಡಿಯುತ್ತಿದ್ದಾರೆ, ಜ್ವರ ಒಂದೇ ಇರುವಾಗ ‘ಬಂದಾವ’ ಎಂಬ ಬಹುವಚನವೇಕೆ ಎಂದು ಕೇಳಿದಳು. ನಮ್ಮಲ್ಲಿ ಜ್ವರ ಬರುವುದು ಹಾಗೆಯೇ, ಬಹುವಚನದಲ್ಲಿ ಎಂದೆ. ನಗುತ್ತ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಪುಸ್ತಕದ ಮಾತು, ಬಲಕ್ಕೆ ರೋಗಿಗಳ ಮಾತು ಬರೆದುಕೊಳ್ಳತೊಡಗಿದಳು. ಅವಳು ಊರಿಗೆ ಹೊರಡುವ ವೇಳೆಗೆ ಬಲಗಡೆಯ ಸಾಲು ಎಡಗಡೆಯದಕ್ಕಿಂತ ಉದ್ದವಾಗಿತ್ತು.