ಪೈಥಾನ್‌ನಲ್ಲಿ ದಶಮಾಂಶ ಹೆಜ್ಜೆಯ ಲೂಪ್

0, 0.1, 0.2 ಎಂದು ದಶಮಾಂಶದ ಹೆಜ್ಜೆಯಲ್ಲಿ ಮುಂದುವರಿಯುತ್ತ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕ್ರಮವಿದು. ಪೈಥಾನ್‌ನ ಫಾರ್ ಲೂಪಿನಲ್ಲಿ ಬಳಸುವ ರೇಂಜ್ ಪೂರ್ಣಾಂಕಗಳನ್ನಷ್ಟೇ ಒಪ್ಪುತ್ತದೆ, ಹೆಜ್ಜೆಗೆ 0.1 ಕೊಟ್ಟರೆ ಟೈಪ್‌ಎರರ್ ತೋರಿಸಿ ನಿಂತುಬಿಡುತ್ತದೆ. ಹೊಸಬರಿಗೆ ಇದು ಕೊರತೆಯಂತೆ ಕಂಡರೂ ಈ ನಿರಾಕರಣೆಯಲ್ಲಿ ವಿವೇಕವಿದೆ. ರೇಂಜ್ ಬಿಟ್ಟು ವೈಲ್ ಲೂಪ್ ಬರೆದು, ಸೊನ್ನೆಯಿಂದ ಹೊರಟು, ಬೆಲೆ 1ಕ್ಕಿಂತ ಕಡಿಮೆ ಇರುವತನಕ 0.1 ಕೂಡಿಸುತ್ತ ಹೋದರೆ ಲೂಪ್ ಹತ್ತು ಸಲ ಓಡಬೇಕು; ಓಡುವುದು ಹನ್ನೊಂದು ಸಲ. ಹತ್ತು ಸಲ ಕೂಡಿಸಿದ ಮೇಲೂ ಮೊತ್ತ 0.9999999999999999ರಲ್ಲೇ ಉಳಿದಿರುತ್ತದೆ.

ಇದು ಪೈಥಾನ್‌ನ ದೋಷವಲ್ಲ. ಕಂಪ್ಯೂಟರ್ ಭಿನ್ನರಾಶಿಯನ್ನು ಅರ್ಧ, ಕಾಲು, ಅರೆಕಾಲು ಎಂದು ಎರಡೆರಡಾಗಿ ಒಡೆದೇ ಇಟ್ಟುಕೊಳ್ಳುತ್ತದೆ. ಹತ್ತನೇ ಒಂದು ಭಾಗ ಹಾಗೆ ಒಡೆದು ಮುಗಿಯುವುದೇ ಇಲ್ಲ. ಹಳೆಯ ನಾಣ್ಯದ ಲೆಕ್ಕದಲ್ಲಿ ಇದನ್ನು ನೋಡಬಹುದು: ನಮ್ಮ ದೇಶದಲ್ಲಿ 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ. ಒಂದಾಣೆ ಎಂದರೆ 0.0625 ರೂಪಾಯಿ, ಈ ಹೆಜ್ಜೆಯ ಲೂಪ್ ಕರಾರುವಾಕ್ಕಾಗಿ ಹದಿನಾರು ಸಲ ಓಡಿ ನಿಲ್ಲುತ್ತದೆ. ಆ ದಿನ ಜಾರಿಗೆ ಬಂದ ನಯಾಪೈಸೆಯ ಲೆಕ್ಕದಲ್ಲಿ ಹತ್ತು ಪೈಸೆಯ ಹೆಜ್ಜೆ ಇಟ್ಟರೆ ಮಾತ್ರ ಎಡವುತ್ತದೆ. (ಹಳೆಯ ಪದ್ಧತಿಯೆಲ್ಲ ಕಂಪ್ಯೂಟರಿಗೆ ಒಗ್ಗುತ್ತಿತ್ತು ಎನ್ನಲಾಗದು: ಆಣೆಗೆ ಹನ್ನೆರಡು ಪೈ, ಅಲ್ಲಿ ಮೂರರ ಭಾಗ ಅಡ್ಡ ಬರುತ್ತದೆ.)

ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳಬಹುದು. ಬೆಲೆಯಲ್ಲಿ ವ್ಯತ್ಯಾಸ ಸಣ್ಣದೇ. ಆದರೆ ಸುತ್ತಿನ ಎಣಿಕೆಯಲ್ಲಿ ಅದು ಇಡೀ ಒಂದು ಸಾಲು. ಮುದ್ರಿಸುವಾಗ ರೌಂಡ್ ಮಾಡಿದರೆ ತಪ್ಪು ಮರೆಯಾದೀತು, ಹೆಚ್ಚುವರಿ ಸಾಲು ಹೋಗದು. ಪೈಥಾನ್‌ನ ಗಣಿತದ ಲೈಬ್ರರಿ ನಂಪೈಯಲ್ಲಿರುವ ಅರೇಂಜ್ ದಶಮಾಂಶದ ಹೆಜ್ಜೆಯನ್ನು ಒಪ್ಪುತ್ತದೆ ನಿಜ. ಆದರೆ 1ರಿಂದ 1.3ರವರೆಗೆ 0.1ರ ಹೆಜ್ಜೆ ಕೇಳಿದರೆ, ಬಿಡಬೇಕಾದ 1.3 ಕೂಡ ಪಟ್ಟಿಯಲ್ಲಿ ಬಂದು ಕೂರುತ್ತದೆ. ಎಷ್ಟು ಬಿಂದುಗಳು ಬೇಕೆಂದು ಹೇಳಿ ಪಡೆಯುವ, ನಂಪೈಯದ್ದೇ ಆದ ಲಿನ್‌ಸ್ಪೇಸ್ ಇದಕ್ಕಿಂತ ಮೇಲು. ಹಣದ ಲೆಕ್ಕಕ್ಕೆ 2004ರಿಂದ, ಅಂದರೆ ಪೈಥಾನ್ 2.4ರಿಂದ, ಜೊತೆಗೇ ಬರುವ ಡೆಸಿಮಲ್ ಮಾಡ್ಯೂಲ್ ಇದೆ; ಅದಕ್ಕೆ 0.1ನ್ನು ಉದ್ಧರಣ ಚಿಹ್ನೆಯೊಳಗೆ ಕೊಡಬೇಕು, ಇಲ್ಲವಾದರೆ ಹಳೆಯ ತಪ್ಪೇ ಒಳಗೆ ನುಸುಳುತ್ತದೆ.

ಕಲಿಯುವವರಿಗೆ ಇದಾವುದೂ ಬೇಕಿಲ್ಲ. ರೇಂಜ್‌ಗೆ 10 ಕೊಟ್ಟು 0ಯಿಂದ 9ರವರೆಗೆ ಎಣಿಸಿ, ಪ್ರತಿ ಸುತ್ತಿನಲ್ಲಿ ಆ ಎಣಿಕೆಯನ್ನು 10ರಿಂದ ಭಾಗಿಸಿದರೆ ಸಾಕು. 0.1ರಿಂದ ಗುಣಿಸಬಾರದು: 3ನ್ನು 10ರಿಂದ ಭಾಗಿಸಿದರೆ 0.3 ಬರುತ್ತದೆ, 0.1ರಿಂದ ಗುಣಿಸಿದರೆ 0.30000000000000004.